ಮೊದಲು ಹಾಳೆ, ಆಮೇಲೆ ಸರ್ವರ್: ಸಣ್ಣ ಆಫೀಸಿನ ಮೊದಲ ಡೊಮೈನ್ ಮತ್ತು ಫೋಲ್ಡರ್ ಪರ್ಮಿಷನ್

ಮಂಗಳೂರಿನ ಬೈಕಂಪಾಡಿ ಕಡೆಯ ಒಂದು ಗೇರುಬೀಜದ ಆಫೀಸು. 18 ಕಂಪ್ಯೂಟರ್. ಅಕೌಂಟ್ಸ್ ಅಕ್ಕ ಸಂಜೆ ಐದೂವರೆಗೆ ತಮ್ಮ ಪಿಸಿ ಆಫ್ ಮಾಡಿ ಉಡುಪಿ ಬಸ್ಸಿಗೆ ಓಡಿದರೆ ಉಳಿದವರ ಕೆಲಸವೂ ಅಲ್ಲಿಗೆ ನಿಲ್ಲುತ್ತಿತ್ತು. ಯಾಕೆಂದರೆ ಎಲ್ಲರ ಫೈಲುಗಳೂ ಇದ್ದದ್ದು ಅವರ ಪಿಸಿಯ ಡಿ ಡ್ರೈವಿನಲ್ಲಿ. ಆ ಡ್ರೈವ್ ಎಲ್ಲರಿಗೂ ಶೇರ್. ಸಂಬಳದ ಎಕ್ಸೆಲ್ ಶೀಟೂ ಅದರಲ್ಲೇ, ಹಡಗಿಗೆ ಹೋಗುವ ಮಾಲಿನ ಇನ್‌ವಾಯ್ಸೂ ಅದರಲ್ಲೇ, ಯಾರದ್ದೋ ಮದುವೆ ಫೋಟೊಗಳೂ ಅದರಲ್ಲೇ. ಒಂದು ದಿನ ಯಾರೋ ಸಂಬಳದ ಶೀಟು ತೆರೆದು ನೋಡಿದರು. ಮರುದಿನ ನನಗೆ ಧಣಿಗಳ ಫೋನ್ ಬಂತು. "ಸರ್ವರ್ ಒಂದು ಹಾಕುವ ಮಾರಾಯ್ರೆ, ಎಷ್ಟಾಗ್ತದೆ?"

ಸರ್ವರ್ ಹಾಕಲು ಒಂದು ಶನಿವಾರ, ಒಂದು ಭಾನುವಾರ ಸಾಕಾಯಿತು. ಯಾರು ಯಾವ ಫೋಲ್ಡರ್ ನೋಡಬಹುದು ಎಂದು ಅವರಿಂದ ಬರೆಸಿಕೊಳ್ಳಲು ಎರಡು ವಾರ ಹಿಡಿಯಿತು. ಮೊದಲ ಸಲ ಡೊಮೈನ್ (ಇಡೀ ಆಫೀಸಿಗೆ ಒಂದೇ ಯೂಸರ್ ಪಟ್ಟಿ ಇರುವ ವ್ಯವಸ್ಥೆ) ಹಾಕುವವರು ಈ ಲೆಕ್ಕವನ್ನು ತಲೆಕೆಳಗೆ ಮಾಡುತ್ತಾರೆ. ನಾನೂ ಮಾಡಿದ್ದೆ. ಅದಕ್ಕೇ ಈ ಲೇಖನದಲ್ಲಿ ಇನ್‌ಸ್ಟಾಲ್ ಮಾಡುವ ಭಾಗ ಚಿಕ್ಕದು, ಫೋಲ್ಡರಿನ ಭಾಗ ಉದ್ದ.

ಒಂದು ಮಾತು. ಹೆಸರು, ಕಮಾಂಡ್ ಎಲ್ಲವನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಮಾಡಿ.

ನಿಮಗೆ ನಿಜಕ್ಕೂ ಬೇಕಾ?

ಐದಾರು ಕಂಪ್ಯೂಟರ್ ಇರುವ ಆಫೀಸಿಗೆ ಡೊಮೈನ್ ಬೇಡ. ನೆಟ್‌ವರ್ಕಿನಲ್ಲಿ ಫೈಲ್ ಇಡುವ ಒಂದು ನ್ಯಾಸ್ ಡಬ್ಬಿ ತಂದಿಟ್ಟು ಅದರಲ್ಲೇ ಯೂಸರ್ ಮಾಡಿದರೆ ಸಾಕು. ಎಲ್ಲ ಕೆಲಸ ಮೈಕ್ರೋಸಾಫ್ಟ್ 365ರಲ್ಲೇ ನಡೆಯುತ್ತಿದ್ದರೆ ಅದರದ್ದೇ ಆನ್‌ಲೈನ್ ಯೂಸರ್ ಪಟ್ಟಿಯಾದ ಎಂಟ್ರಾ ಐಡಿಯಲ್ಲೇ ಲಾಗಿನ್ ನಡೆಸಬಹುದು. ಆಫೀಸಿನೊಳಗೆ ಸರ್ವರ್ ಬೇಕಾಗುವುದು ಟ್ಯಾಲಿ, ದೊಡ್ಡ ಸ್ಕ್ಯಾನ್ ಫೈಲ್, ಹಳೆಯ ಸಾಫ್ಟ್‌ವೇರ್ ಇರುವವರಿಗೆ. ಜೋರು ಮಳೆಗೆ ಮರ ಬಿದ್ದು ಫೈಬರ್ ತುಂಡಾದರೂ ಬಿಲ್ಲಿಂಗ್ ನಿಲ್ಲಬಾರದು ಎನ್ನುವವರಿಗೆ.

ಡೊಮೈನ್ ಇಲ್ಲದಿದ್ದರೆ ಪ್ರತಿ ಪಿಸಿಗೂ ಅದರದ್ದೇ ಯೂಸರ್ ಪಟ್ಟಿ. ಒಬ್ಬರ ಪಾಸ್‌ವರ್ಡ್ ಬದಲಾದರೆ ನಾಲ್ಕು ಕಡೆ ಬದಲಿಸಬೇಕು. ಅಲ್ಲದೆ ವಿಂಡೋಸ್ 10, 11ರ ಶೇರ್‌ಗೆ ಒಂದೇ ಸಲ 20 ಕನೆಕ್ಷನ್‌ಗಿಂತ ಜಾಸ್ತಿ ಬರುವ ಹಾಗಿಲ್ಲ. ಡೊಮೈನ್ ಹಾಕಿದರೆ ಯೂಸರ್ ಪಟ್ಟಿ ಒಂದೇ ಕಡೆ ಇರುತ್ತದೆ. ಆ ಪಟ್ಟಿಯನ್ನು ಕಾಯುವ ಸರ್ವರ್ ಡೊಮೈನ್ ಕಂಟ್ರೋಲರ್. ಪಟ್ಟಿಯ ಹೆಸರು ಆಕ್ಟಿವ್ ಡೈರೆಕ್ಟರಿ. ವಿಂಡೋಸ್ 2000 ಸರ್ವರ್ ಜೊತೆ ಬಂದದ್ದು ಇನ್ನೂ ನಡೆಯುತ್ತಿದೆ.

ಹಾಳೆ

ಒಂದು ಎ4 ಹಾಳೆ ತೆಗೆದುಕೊಳ್ಳಿ, ಅಡ್ಡ ಇಡಿ. ಎಡಗಡೆ ಮೇಲಿಂದ ಕೆಳಗೆ ಫೋಲ್ಡರ್‌ಗಳ ಹೆಸರು: ಅಕೌಂಟ್ಸ್, ಸಂಬಳ, ಖರೀದಿ, ಎಕ್ಸ್‌ಪೋರ್ಟ್ ದಾಖಲೆ, ಪ್ಯಾಕಿಂಗ್, ಸ್ಕ್ಯಾನ್, ಕಾಮನ್. ಮೇಲ್ಗಡೆ ಸಾಲಾಗಿ ಕೆಲಸಗಳ ಹೆಸರು. ಗಮನಿಸಿ, ಜನರ ಹೆಸರಲ್ಲ. "ಅಕೌಂಟೆಂಟ್" ಎಂದು ಬರೆಯಿರಿ, ಅಕ್ಕನ ಹೆಸರು ಬರೆಯಬೇಡಿ. ಅಕ್ಕ ನಾಳೆ ಬೇರೆ ವಿಭಾಗಕ್ಕೆ ಹೋಗಬಹುದು. ಅಕೌಂಟೆಂಟ್ ಕುರ್ಚಿ ಎಲ್ಲಿಗೂ ಹೋಗುವುದಿಲ್ಲ.

ಪ್ರತಿ ಚೌಕದಲ್ಲಿ ಮೂರರಲ್ಲಿ ಒಂದು. "ತಿ" ಅಂದರೆ ತಿದ್ದಬಹುದು. "ಓ" ಅಂದರೆ ಓದಬಹುದು. ಖಾಲಿ ಬಿಟ್ಟರೆ ಫೋಲ್ಡರ್ ಕಾಣುವುದೇ ಇಲ್ಲ. ನಾಲ್ಕನೆಯದು ಬೇಡ. "ನೋಡಬಹುದು, ಪ್ರಿಂಟ್ ಮಾಡಬಹುದು, ಆದರೆ ಕಾಪಿ ಮಾಡಬಾರದು" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಫೋಲ್ಡರ್ ಪರ್ಮಿಷನ್‌ನಲ್ಲಿ ಅದು ಆಗುವುದಿಲ್ಲ. ಓದಲು ಬಿಟ್ಟವರಿಗೆ ಕಾಪಿ ಮಾಡಲೂ ಬಿಟ್ಟ ಹಾಗೆಯೇ. ಆಗಲೇ ಹೇಳಿಬಿಡಿ, ಆಮೇಲೆ ಜಗಳ ಬೇಡ.

ಈ ಹಾಳೆ ಹಿಡಿದು ಪ್ರತಿ ವಿಭಾಗದವರ ಹತ್ತಿರ ಹೋಗಿ. ಧಣಿಗಳನ್ನು ಮಾತ್ರ ಕೇಳಿದರೆ ಸಾಲುವುದಿಲ್ಲ. ಖರೀದಿಯವರಿಗೆ ಸ್ಟಾಕ್ ಶೀಟು ದಿನಾ ಬೇಕು ಎಂಬುದು ಧಣಿಗಳಿಗೆ ಗೊತ್ತೇ ಇರಲಿಕ್ಕಿಲ್ಲ. ಪ್ರತಿ ಫೋಲ್ಡರಿಗೂ ಒಬ್ಬ ಯಜಮಾನರನ್ನು ಗೊತ್ತು ಮಾಡಿ. ಮುಂದೆ "ನನಗೂ ಆ ಫೋಲ್ಡರ್ ಬೇಕು" ಎಂದು ಯಾರಾದರೂ ಬಂದರೆ ನೀವು ತೀರ್ಮಾನ ಮಾಡುವುದಲ್ಲ, ಆ ಯಜಮಾನರನ್ನು ಕೇಳಿ ಎಂದರಾಯಿತು.

ಇನ್ನೊಂದು ಕಟ್ಟುನಿಟ್ಟು: ಪರ್ಮಿಷನ್ ಬದಲಾಗುವುದು ಮೊದಲ ಮೆಟ್ಟಿಲಿನಲ್ಲಿ ಮಾತ್ರ. ಅಕೌಂಟ್ಸ್ ಒಳಗೆ ಸಂಬಳ, ಸಂಬಳದ ಒಳಗೆ ಮ್ಯಾನೇಜರ್, ಒಂದೊಂದಕ್ಕೂ ಬೇರೆ ಬೇರೆ ಪರ್ಮಿಷನ್ ಎಂದು ಹೊರಟರೆ ಆರು ತಿಂಗಳಲ್ಲಿ ನಿಮಗೇ ತಲೆಬುಡ ಗೊತ್ತಾಗುವುದಿಲ್ಲ. ಗುಟ್ಟಿನದ್ದಾದರೆ ಅದನ್ನು ಹೊರಗೆ ತೆಗೆದು ಬೇರೆಯೇ ಫೋಲ್ಡರ್ ಮಾಡಿ. ಸಂಬಳವನ್ನು ಅಕೌಂಟ್ಸ್ ಒಳಗಿಡದೆ ಪಕ್ಕಕ್ಕೆ ಇಟ್ಟದ್ದು ಇದಕ್ಕೇ.

ಇನ್ನು ಧಣಿಗಳ ವಿಷಯ. "ನನ್ನ ಕಂಪನಿ ಅಲ್ವಾ, ನನಗೆ ಎಲ್ಲದರದ್ದೂ ಫುಲ್ ಕೊಡಿ" ಎಂದರು. ನಾನು ಕೇಳಿದೆ, "ಸರ್, ನೀವು ಮೇಲ್‌ನಲ್ಲಿ ಬಂದ ಯಾವುದೋ ಫೈಲ್ ಒತ್ತಿ ವೈರಸ್ ಬಂದರೆ ಅದು ಯಾರ ಹೆಸರಿನಲ್ಲಿ ಕೆಲಸ ಮಾಡ್ತದೆ?" ಸ್ವಲ್ಪ ಹೊತ್ತು ಸುಮ್ಮನಿದ್ದರು. ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುವ ರ್‍ಯಾನ್ಸಮ್‌ವೇರ್ ಬಂದರೆ, ಒತ್ತಿದವರಿಗೆ ಎಲ್ಲೆಲ್ಲಿ ತಿದ್ದುವ ಹಕ್ಕಿದೆಯೋ ಅಲ್ಲೆಲ್ಲ ತಿದ್ದುತ್ತದೆ. ಧಣಿಗಳಿಗೆ ಎಲ್ಲದಕ್ಕೂ "ಓ" ಹಾಕಿದೆವು, ಎರಡು ಕಡೆ ಮಾತ್ರ "ತಿ". ಹಾಳೆಗೆ ಅವರ ಸಹಿ ಹಾಕಿಸಿಕೊಂಡೆ. ಸಹಿ ಇಲ್ಲದ ಹಾಳೆಯ ಮೇಲೆ ಕೆಲಸ ಶುರು ಮಾಡಬೇಡಿ.

ಡಬ್ಬಿ, ಲೈಸೆನ್ಸ್, ಮಳೆಗಾಲ

18-20 ಜನರ ಆಫೀಸಿಗೆ 32 ಜಿಬಿ ರ್‍ಯಾಮ್, ಒಂದರ ನಕಲು ಇನ್ನೊಂದರಲ್ಲಿ ಇರುವಂತೆ ಮಿರರ್ ಮಾಡಿದ ಎರಡು ಎಸ್‌ಎಸ್‌ಡಿ ಇರುವ ಒಂದು ಟವರ್ ಸರ್ವರ್ ಧಾರಾಳ. ವಿಂಡೋಸ್ ಸರ್ವರ್ 2022 ಅಥವಾ 2025 ತೆಗೆದುಕೊಳ್ಳಿ. "ಹಳೇ 2012 ಆರ್2 ಸಿಡಿ ಉಂಟು" ಎಂದು ಯಾರಾದರೂ ಕೊಟ್ಟರೆ ಕೈ ಮುಗಿಯಿರಿ. ಅದರ ಸಪೋರ್ಟ್ 2023ರ ಅಕ್ಟೋಬರ್‌ನಲ್ಲೇ ಮುಗಿದಿದೆ.

ಸ್ಟ್ಯಾಂಡರ್ಡ್ ಎಡಿಷನ್ ಲೈಸೆನ್ಸ್ ಪ್ರೊಸೆಸರಿನ ಕೋರ್ ಲೆಕ್ಕದಲ್ಲಿ, ಒಂದು ಸರ್ವರಿಗೆ ಕಡಿಮೆಯೆಂದರೆ 16 ಕೋರ್. ಅದರ ಮೇಲೆ, ಸರ್ವರ್ ಬಳಸುವ ಜನ ಅಥವಾ ಪಿಸಿಗಳ ಲೆಕ್ಕದಲ್ಲಿ ಸಿಎಎಲ್ ಎಂಬ ಲೈಸೆನ್ಸ್ ಬೇರೆ. ಕೊಟೇಶನ್‌ನಲ್ಲಿ ಇದು ಬಿಟ್ಟುಹೋಗುವುದೇ ಜಾಸ್ತಿ. ಪ್ಯಾಕಿಂಗ್ ಹಾಲಿನಲ್ಲಿ ಒಂದೇ ಪಿಸಿಯನ್ನು ಮೂರು ಶಿಫ್ಟಿನವರು ಬಳಸುತ್ತಾರಾ? ಅಲ್ಲಿ ಡಿವೈಸ್ ಸಿಎಎಲ್ ಲಾಭ. ಒಬ್ಬರಿಗೆ ಪಿಸಿ, ಲ್ಯಾಪ್‌ಟಾಪ್ ಎರಡೂ ಇದ್ದರೆ ಯೂಸರ್ ಸಿಎಎಲ್. 25 ಯೂಸರ್, 50 ಡಿವೈಸ್ ಒಳಗಿದ್ದರೆ ಎಸೆನ್ಷಿಯಲ್ಸ್ ಎಡಿಷನ್ ಸಿಗುತ್ತದಾ ಎಂದು ಸರ್ವರ್ ಮಾರುವವರನ್ನು ಕೇಳಿ. ಅದಕ್ಕೆ ಸಿಎಎಲ್ ಬೇಡ.

ಪಿಸಿಗಳನ್ನೂ ಎಣಿಸಿ. ವಿಂಡೋಸ್ ಹೋಮ್ ಇರುವ ಪಿಸಿ ಡೊಮೈನಿಗೆ ಸೇರುವುದಿಲ್ಲ, ಪ್ರೊ ಬೇಕು. ಆ ಆಫೀಸಿನ 18ರಲ್ಲಿ ನಾಲ್ಕು ಹೋಮ್ ಇದ್ದವು. ಆ ಖರ್ಚು ಕೊನೆಗೆ ಹೇಳಿದ್ದಕ್ಕೆ ನಾನು ಬೈಸಿಕೊಂಡೆ.

ಜಾಗದ ಬಗ್ಗೆ. ನಮ್ಮ ಕಡೆ ಸರ್ವರಿಗೆ ಶತ್ರುಗಳು ಮೂವರು: ಸಿಡಿಲು, ನೀರು, ಉಪ್ಪುಗಾಳಿ. ಕೊಟ್ಟಾರ ಚೌಕಿಯಂಥ ತಗ್ಗಿನ ಜಾಗದಲ್ಲಿ ಆಫೀಸಿದ್ದರೆ ಸರ್ವರನ್ನು ನೆಲದ ಮೇಲೆ ಇಡಲೇಬೇಡಿ, ಸಾಧ್ಯವಾದರೆ ಮೇಲಿನ ಮಾಳಿಗೆಗೆ ಹಾಕಿ. ಹಂಚಿನ ಮಾಡಾದರೆ ಮೇಲೆ ಸೋರುವ ಜಾಗ ನೋಡಿಕೊಳ್ಳಿ. ಮೇ ತಿಂಗಳ ಸಂಜೆ, ಅಕ್ಟೋಬರ್ ಸಂಜೆ ಸಿಡಿಲು ಜೋರು. ಅರ್ಥಿಂಗ್ ಪರೀಕ್ಷೆ ಮಾಡಿಸಿ. ಆಫೀಸಿನಿಂದ ಗೋಡೌನಿಗೆ ಹೊರಗಿನಿಂದ ಎಳೆದ ತಾಮ್ರದ ಲ್ಯಾನ್ ವಯರ್ ಇದ್ದರೆ ಅದನ್ನು ಫೈಬರ್ ಮಾಡಿಸಿ. ಸಿಡಿಲು ಒಳಗೆ ಬರುವ ದಾರಿ ಅದೇ. ಯುಪಿಎಸ್‌ನಿಂದ ಸರ್ವರಿಗೆ ಯುಎಸ್‌ಬಿ ವಯರ್ ಹಾಕಿ, ಬ್ಯಾಟರಿ ಮುಗಿಯುವ ಮೊದಲೇ ಸರ್ವರ್ ತಾನಾಗಿ ಶಟ್‌ಡೌನ್ ಆಗುವಂತೆ ಸೆಟ್ ಮಾಡಿ. ಆ ವಯರ್ ಡಬ್ಬಿಯಲ್ಲೇ ಉಳಿದುಬಿಡುವ ಆಫೀಸುಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಒಂದೇ ಡಬ್ಬಿಯಲ್ಲಿ ಎರಡು ಸರ್ವರ್

ಡೊಮೈನ್ ಕಂಟ್ರೋಲರಿನಲ್ಲೇ ಫೈಲುಗಳನ್ನೂ ಇಡಬಹುದು, ನಡೆಯುತ್ತದೆ. ಆದರೆ ಬೇಡ. ಕಂಟ್ರೋಲರಿನಲ್ಲಿ ಲೋಕಲ್ ಯೂಸರ್ ಎಂಬುದೇ ಇರುವುದಿಲ್ಲ. ಫೈಲ್ ನೋಡಿಕೊಳ್ಳಲು ಒಬ್ಬರಿಗೆ ಆ ಸರ್ವರಿನ ಅಡ್ಮಿನ್ ಕೊಟ್ಟರೆ ಇಡೀ ಡೊಮೈನನ್ನೇ ಕೊಟ್ಟ ಹಾಗೆ. ಸ್ಟ್ಯಾಂಡರ್ಡ್ ಲೈಸೆನ್ಸಿನಲ್ಲಿ ಎರಡು ವರ್ಚುವಲ್ ಮಷಿನ್ (ಒಂದೇ ಡಬ್ಬಿಯೊಳಗೆ ಬೇರೆ ಬೇರೆ ಕಂಪ್ಯೂಟರಿನಂತೆ ನಡೆಯುವಂಥದ್ದು) ನಡೆಸುವ ಹಕ್ಕಿದೆ. ಅದನ್ನು ನಡೆಸುವ ಹೈಪರ್-ವಿ ಹಾಕಿ, ಒಂದರಲ್ಲಿ ಡೊಮೈನ್ ಕಂಟ್ರೋಲರ್, ಇನ್ನೊಂದರಲ್ಲಿ ಫೈಲ್ ಸರ್ವರ್ ಮಾಡಿ. ಎರಡಕ್ಕೂ 8 ಜಿಬಿ ರ್‍ಯಾಮ್ ಕೊಟ್ಟು ಶುರು ಮಾಡಬಹುದು. ಎಸೆನ್ಷಿಯಲ್ಸ್ ತೆಗೆದುಕೊಂಡವರಿಗೆ ಈ ಎರಡರ ಅನುಕೂಲ ಇಲ್ಲ. ಅವರು ಒಂದರಲ್ಲೇ ಎರಡೂ ಕೆಲಸ ಮಾಡಬೇಕು.

ಹೆಸರಿಡುವುದು

ಡೊಮೈನಿಗೆ ಇಟ್ಟ ಹೆಸರನ್ನು ಮತ್ತೆ ಬದಲಿಸುವುದು ಮಹಾ ತಲೆನೋವು. ಹಾಗಾಗಿ ಇಲ್ಲಿ ಹತ್ತು ನಿಮಿಷ ನಿಲ್ಲಿ.

ಕೊನೆಗೆ ಡಾಟ್ ಲೋಕಲ್ ಎಂದು ಇಡಬೇಡಿ. ಆ ಹೆಸರನ್ನು ಆಪಲ್‌ನ ಬಾನ್‌ಜೂರ್ ಥರದ ವ್ಯವಸ್ಥೆಗಳು ಬಳಸುತ್ತವೆ, ಮ್ಯಾಕ್ ಬಂದ ದಿನ ಕಿರಿಕಿರಿ ಶುರು. ವೆಬ್‌ಸೈಟಿನ ಹೆಸರನ್ನೇ ಇಡುವುದೂ ಬೇಡ. ಇಟ್ಟರೆ ಆಫೀಸಿನೊಳಗಿಂದ ನಿಮ್ಮದೇ ವೆಬ್‌ಸೈಟ್ ತೆರೆಯಲು ಹೆಣಗಬೇಕು. ಕಂಪನಿಯ ಹೆಸರಿನಲ್ಲಿ ಈಗಾಗಲೇ ಕೊಂಡ ವೆಬ್ ವಿಳಾಸವಿದ್ದರೆ ಅದರ ಮುಂದೆ ಒಂದು ಪದ ಸೇರಿಸಿ. "ನಿಮ್ಮಕಂಪನಿ ಡಾಟ್ ಇನ್" ನಿಮ್ಮದಾದರೆ ಡೊಮೈನ್ "ಆಫೀಸ್ ಡಾಟ್ ನಿಮ್ಮಕಂಪನಿ ಡಾಟ್ ಇನ್". ನೆಟ್‌ಬಯಾಸ್ ಹೆಸರು ಎಂದು ಒಂದು ಚಿಕ್ಕ ಹೆಸರನ್ನೂ ಕೇಳುತ್ತದೆ, ಅದು 15 ಅಕ್ಷರದ ಒಳಗಿರಬೇಕು. ಕಂಪ್ಯೂಟರ್‌ಗಳ ಹೆಸರಿಗೂ 15ರ ಲೆಕ್ಕವೇ ಒಳ್ಳೆಯದು.

ಐಪಿ, ಡಿಎನ್‌ಎಸ್, ಪ್ರಮೋಟ್

ಕಂಟ್ರೋಲರ್ ಆಗುವ ಮಷಿನ್‌ಗೆ ಮೊದಲು ಹೆಸರು ಕೊಡಿ, ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ವಿಳಾಸ ಕೊಡಿ. ಉದಾಹರಣೆಗೆ 192.168.10.5. ಮನೆಯ ರೌಟರ್‌ಗಳು ಸಾಮಾನ್ಯವಾಗಿ ಬಳಸುವ 192.168.0 ಅಥವಾ 192.168.1 ಸಾಲನ್ನು ಆಫೀಸಿಗೆ ಇಡಬೇಡಿ. ನಾಳೆ ಯಾರಾದರೂ ಮನೆಯಿಂದ ವಿಪಿಎನ್ ಹಾಕಿದರೆ ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಡಿಎನ್‌ಎಸ್ (ಹೆಸರು ಕೇಳಿದರೆ ಐಪಿ ಹೇಳುವ ವ್ಯವಸ್ಥೆ) ಜಾಗದಲ್ಲಿ ಅದರದ್ದೇ ಐಪಿ ಹಾಕಿ.

ಆಮೇಲೆ ಸರ್ವರ್ ಮ್ಯಾನೇಜರ್ ತೆರೆದು "ಆ್ಯಡ್ ರೋಲ್ಸ್" ಒತ್ತಿ, ಆಕ್ಟಿವ್ ಡೈರೆಕ್ಟರಿ ಡೊಮೈನ್ ಸರ್ವಿಸಸ್ ಆರಿಸಿ. ಮುಗಿದ ಮೇಲೆ ಮೇಲ್ಗಡೆ ಹಳದಿ ಗುರುತು ಬರುತ್ತದೆ, ಅದರಲ್ಲಿ "ಪ್ರಮೋಟ್" ಒತ್ತಿ. "ಹೊಸ ಫಾರೆಸ್ಟ್" ಆರಿಸಿ, ಡೊಮೈನ್ ಹೆಸರು ಕೊಡಿ. ಡಿಎಸ್‌ಆರ್‌ಎಮ್ ಪಾಸ್‌ವರ್ಡ್ ಕೇಳುತ್ತದೆ. ಸರ್ವರ್ ಕೈಕೊಟ್ಟ ದಿನ ಒಳಗೆ ಹೋಗುವ ಹಿಂಬಾಗಿಲು ಅದು, ಬರೆದಿಡಿ. ಡಿಎನ್‌ಎಸ್ ಡೆಲಿಗೇಷನ್ ಬಗ್ಗೆ ಒಂದು ಎಚ್ಚರಿಕೆ ಬರುತ್ತದೆ, ಮೊದಲ ಡೊಮೈನಿಗೆ ಅದರ ಚಿಂತೆ ಬೇಡ. ಉಳಿದದ್ದಕ್ಕೆ ನೆಕ್ಸ್ಟ್, ನೆಕ್ಸ್ಟ್. ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಎದ್ದ ಮೇಲೆ "ಡಿಸಿಡಯಾಗ್" ಕಮಾಂಡ್ ಕೊಟ್ಟು ನೋಡಿ. "ನೆಟ್ ಶೇರ್" ಕೊಟ್ಟಾಗ ಸಿಸ್‌ವಾಲ್, ನೆಟ್‌ಲಾಗನ್ ಎರಡೂ ಕಂಡರೆ ಕಂಟ್ರೋಲರ್ ಸರಿಯಾಗಿ ಎದ್ದಿದೆ.

ಇನ್ನು ಡಿಎನ್‌ಎಸ್. ಡೊಮೈನ್ ಹಾಕಿದ ಮೇಲೆ ನನಗೆ ಬಂದ ಫೋನುಗಳಲ್ಲಿ ಹೆಚ್ಚಿನವು ಇದರದ್ದೇ. ಆಫೀಸಿನ ಎಲ್ಲ ಪಿಸಿಗಳ ಡಿಎನ್‌ಎಸ್ ಜಾಗದಲ್ಲಿ ಕಂಟ್ರೋಲರಿನ ಐಪಿ ಮಾತ್ರ ಇರಬೇಕು. "ಎರಡನೆಯದ್ದು 8.8.8.8 ಇರಲಿ, ಸೇಫ್ಟಿಗೆ" ಎನ್ನುವ ಆಸೆ ಎಲ್ಲರಿಗೂ ಬರುತ್ತದೆ. ಅದು ಹೊರಗಿನ, ಗೂಗಲ್‌ನ ಡಿಎನ್‌ಎಸ್. ಪಿಸಿ ಯಾವಾಗಲಾದರೊಮ್ಮೆ ಆ ಎರಡನೆಯದ್ದನ್ನೇ ಕೇಳುತ್ತದೆ. ಕಾರ್‌ಸ್ಟ್ರೀಟಿನ ಒಳಗಲ್ಲಿಯ ಮನೆ ಎಲ್ಲಿ ಎಂದು ದೆಹಲಿಯ ಪೋಸ್ಟ್‌ಮ್ಯಾನ್ ಹತ್ತಿರ ಕೇಳಿದ ಹಾಗೆ. ಅವರಿಗೆ ಹೇಗೆ ಗೊತ್ತಾಗಬೇಕು? ಲಾಗಿನ್ ನಿಧಾನ, ಡ್ರೈವ್ ಕಾಣುವುದಿಲ್ಲ, ಮಧ್ಯಾಹ್ನ ತಾನಾಗಿ ಸರಿ. ಈ ಥರದ ಭೂತಚೇಷ್ಟೆಗೆಲ್ಲ ಮೂಲ ಅಲ್ಲೇ. 8.8.8.8 ಇರಬೇಕಾದ ಜಾಗ ಕಂಟ್ರೋಲರಿನ ಡಿಎನ್‌ಎಸ್ ಮ್ಯಾನೇಜರಿನ ಫಾರ್ವರ್ಡರ್ಸ್ ಪುಟ. ಪಿಸಿಗಳಿಗೆ ಐಪಿ ಹಂಚುವುದು ರೌಟರ್ ಆದರೆ, ಅದರ ಡಿಎಚ್‌ಸಿಪಿ ಪುಟದಲ್ಲೂ ಡಿಎನ್‌ಎಸ್ ಬದಲಿಸಿ.

ಗಡಿಯಾರವನ್ನೂ ನೋಡಿ. ಪಿಸಿಗೂ ಕಂಟ್ರೋಲರಿಗೂ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಲಾಗಿನ್‌ಗೆ ಬಳಸುವ ಕೆರ್ಬರಾಸ್ ಒಪ್ಪುವುದಿಲ್ಲ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು ಸಮಯವನ್ನು ಸರ್ಕಾರಿ ಸಂಸ್ಥೆಗಳಾದ ಎನ್‌ಐಸಿ ಅಥವಾ ಎನ್‌ಪಿಎಲ್‌ನ ಟೈಮ್ ಸರ್ವರಿಗೆ ಹೊಂದಿಸಿಕೊಳ್ಳಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಕಂಟ್ರೋಲರನ್ನು ಆ ಟೈಮ್ ಸರ್ವರಿಗೆ ಹೊಂದಿಸಿ, ಪಿಸಿಗಳು ಕಂಟ್ರೋಲರನ್ನು ನೋಡಿ ತಾವೇ ಸರಿಯಾಗುತ್ತವೆ.

ಯೂಸರ್, ಗ್ರೂಪ್

ಆಕ್ಟಿವ್ ಡೈರೆಕ್ಟರಿಯಲ್ಲಿ ಮೊದಲೇ ಇರುವ "ಯೂಸರ್ಸ್", "ಕಂಪ್ಯೂಟರ್ಸ್" ಡಬ್ಬಿಗಳಿಗೆ ಗ್ರೂಪ್ ಪಾಲಿಸಿ (ಎಲ್ಲ ಪಿಸಿಗಳಿಗೂ ಒಂದೇ ಕಡೆಯಿಂದ ಸೆಟ್ಟಿಂಗ್ ಕಳಿಸುವ ವ್ಯವಸ್ಥೆ) ಅಂಟಿಸಲು ಬರುವುದಿಲ್ಲ. ಕಂಪನಿಯ ಹೆಸರಿನಲ್ಲಿ ಒಂದು ಓಯು, ಅಂದರೆ ಪಾಲಿಸಿ ಅಂಟಿಸಬಹುದಾದ ಡಬ್ಬಿ ಮಾಡಿ, ಅದರೊಳಗೆ ಸಿಬ್ಬಂದಿ, ಪಿಸಿ, ಗ್ರೂಪ್ ಎಂದು ಮೂರು ಓಯು ಮಾಡಿಕೊಳ್ಳಿ. ಒಬ್ಬೊಬ್ಬರಿಗೆ ಒಂದೊಂದು ಯೂಸರ್. "ಆಫೀಸ್1" ಎಂದು ಐದು ಜನ ಸೇರಿ ಬಳಸುವ ಯೂಸರ್ ಬೇಡ. ಫೈಲ್ ಅಳಿಸಿದ್ದು ಯಾರು ಎಂದು ಗೊತ್ತಾಗುವುದಿಲ್ಲ. ನಿಮಗೂ ಎರಡು ಯೂಸರ್ ಇರಲಿ: ಮೇಲ್ ನೋಡಲು ಸಾದಾ, ಸರ್ವರ್ ಕೆಲಸಕ್ಕೆ ಅಡ್ಮಿನ್.

ಪಾಸ್‌ವರ್ಡ್ ಪಾಲಿಸಿ ಹೊಸ ಡೊಮೈನಿನಲ್ಲಿ 7 ಅಕ್ಷರ, 42 ದಿನಕ್ಕೊಮ್ಮೆ ಬದಲಾವಣೆ ಎಂದು ಬರುತ್ತದೆ. 42 ದಿನ ಇಟ್ಟರೆ ಮಾನಿಟರಿಗೆ ಚೀಟಿ ಅಂಟುತ್ತದೆ, ನೋಡಿ ಬೇಕಾದರೆ. ನಾನು 12 ಅಕ್ಷರ ಮಾಡಿ ಅವಧಿಯನ್ನು ಸಡಿಲ ಬಿಡುತ್ತೇನೆ. ತಪ್ಪು ಪಾಸ್‌ವರ್ಡಿಗೆ ಲಾಕ್ ಆಗುವುದು ಮೊದಲಿಗೆ ಆಫ್ ಇರುತ್ತದೆ. 10 ಸಲ ತಪ್ಪಿದರೆ 15 ನಿಮಿಷ ಲಾಕ್ ಎಂದು ಹಾಕಿ.

ಈಗ ಹಾಳೆ ಹೊರಗೆ ತೆಗೆಯಿರಿ. ಮೇಲಿನ ಸಾಲಿನ ಪ್ರತಿ ಕೆಲಸಕ್ಕೂ ಒಂದು ಗ್ಲೋಬಲ್ ಗ್ರೂಪ್: "ಜಿ-ಅಕೌಂಟೆಂಟ್", "ಜಿ-ಖರೀದಿ". ಜನರನ್ನು ಇದರೊಳಗೆ ಹಾಕಿ. ಎಡಗಡೆಯ ಪ್ರತಿ ಫೋಲ್ಡರಿಗೂ ಎರಡು ಡೊಮೈನ್ ಲೋಕಲ್ ಗ್ರೂಪ್: "ಎಫ್-ಅಕೌಂಟ್ಸ್-ತಿದ್ದು", "ಎಫ್-ಅಕೌಂಟ್ಸ್-ಓದು". ಚೌಕದಲ್ಲಿ "ತಿ" ಇದ್ದರೆ ಆ ಜಿ ಗ್ರೂಪನ್ನು ಎಫ್-ತಿದ್ದು ಒಳಗೆ ಹಾಕಿ, "ಓ" ಇದ್ದರೆ ಎಫ್-ಓದು ಒಳಗೆ. ಇಪ್ಪತ್ತು ಜನಕ್ಕೆ ಇಷ್ಟೆಲ್ಲ ಯಾಕೆ ಎಂದು ಅನ್ನಿಸುತ್ತದೆ. ಹೊಸಬರು ಸೇರಿದ ದಿನ ಗೊತ್ತಾಗುತ್ತದೆ. ಅವರನ್ನು ಒಂದೇ ಒಂದು ಜಿ ಗ್ರೂಪಿಗೆ ಸೇರಿಸಿದರೆ ಕೆಲಸ ಮುಗಿಯಿತು, ಫೋಲ್ಡರ್ ಮುಟ್ಟುವುದೇ ಬೇಡ.

ತಡಮೆ ಮತ್ತು ಬಾಗಿಲು

ಊರ ಮನೆಗೆ ಹೋಗುವಾಗ ಮೊದಲು ತಡಮೆ ದಾಟಬೇಕು, ಆಮೇಲೆ ಮನೆಯ ಬಾಗಿಲು. ಶೇರ್ ಪರ್ಮಿಷನ್ ತಡಮೆ, ಡಿಸ್ಕಿನಲ್ಲಿ ಫೋಲ್ಡರಿಗೇ ಹಾಕುವ ಎನ್‌ಟಿಎಫ್‌ಎಸ್ ಪರ್ಮಿಷನ್ ಬಾಗಿಲು. ನೆಟ್‌ವರ್ಕಿನಿಂದ ಬರುವವರು ಎರಡನ್ನೂ ದಾಟಬೇಕು. ಎರಡರಲ್ಲಿ ಯಾವುದು ಬಿಗಿಯೋ ಅದೇ ಲೆಕ್ಕ. ಸರ್ವರಿನ ಮುಂದೆಯೇ ಕೂತು ಲಾಗಿನ್ ಆದವರಿಗೆ ತಡಮೆ ಇಲ್ಲ, ಬಾಗಿಲು ಮಾತ್ರ. ಹಾಗಾಗಿ ತಡಮೆಯನ್ನು ಸರಳವಾಗಿಟ್ಟು ಪೂರ್ತಿ ಲೆಕ್ಕಾಚಾರವನ್ನು ಬಾಗಿಲಲ್ಲಿ ಮಾಡಬೇಕು.

ಫೈಲ್ ಸರ್ವರಿನ ಡಿ ಡ್ರೈವಿನಲ್ಲಿ "ಡೇಟಾ" ಎಂಬ ಒಂದೇ ಫೋಲ್ಡರ್ ಮಾಡಿ. ಸಿ ಡ್ರೈವಿನಲ್ಲಿ ಬೇಡ. ಹೆಸರುಗಳು ಚಿಕ್ಕದಿರಲಿ, ಪೂರ್ತಿ ದಾರಿ ಸೇರಿ 260 ಅಕ್ಷರ ದಾಟಿದರೆ ಹಲವು ಸಾಫ್ಟ್‌ವೇರ್ ಒದ್ದಾಡುತ್ತವೆ. ಅಡ್ವಾನ್ಸ್‌ಡ್ ಶೇರಿಂಗ್‌ಗೆ ಹೋಗಿ ಇದನ್ನು ಶೇರ್ ಮಾಡಿ. "ಎವರಿವನ್" ತೆಗೆಯಿರಿ. "ಅಥೆಂಟಿಕೇಟೆಡ್ ಯೂಸರ್ಸ್"ಗೆ ಚೇಂಜ್ ಮತ್ತು ರೀಡ್, ಅಡ್ಮಿನಿಸ್ಟ್ರೇಟರ್‌ಗಳಿಗೆ ಫುಲ್ ಕಂಟ್ರೋಲ್. ಎಲ್ಲರಿಗೂ ಫುಲ್ ಕೊಡಿ ಎನ್ನುವವರೂ ಇದ್ದಾರೆ. ನಾನು ಚೇಂಜ್‌ಗೇ ನಿಲ್ಲುತ್ತೇನೆ. ಫೈಲ್ ಮಾಡಿದವರು ಅದರ ಓನರ್ ಆಗುತ್ತಾರೆ, ಓನರ್‌ಗೆ ಪರ್ಮಿಷನ್ ತಿದ್ದುವ ಹಕ್ಕು ತಾನಾಗಿ ಬರುತ್ತದೆ. ತಡಮೆಯಲ್ಲಿ ಚೇಂಜ್ ಮಾತ್ರ ಇದ್ದರೆ ನೆಟ್‌ವರ್ಕಿನಿಂದ ಆ ಆಟ ನಡೆಯುವುದಿಲ್ಲ.

ಈಗ ಬಾಗಿಲು. ಡೇಟಾ ಫೋಲ್ಡರಿನ ಪ್ರಾಪರ್ಟೀಸ್, ಸೆಕ್ಯೂರಿಟಿ, ಅಡ್ವಾನ್ಸ್‌ಡ್. "ಡಿಸೇಬಲ್ ಇನ್‌ಹೆರಿಟೆನ್ಸ್" ಒತ್ತಿದರೆ ಮೇಲಿನಿಂದ ಪರ್ಮಿಷನ್ ಇಳಿದುಬರುವುದು ನಿಲ್ಲುತ್ತದೆ. ಆಗ ಎರಡು ದಾರಿ ಕೇಳುತ್ತದೆ, "ಕನ್ವರ್ಟ್" ಆರಿಸಿ. ಇನ್ನೊಂದನ್ನು ಆರಿಸಿದರೆ ಇದ್ದ ಪರ್ಮಿಷನ್ ಎಲ್ಲ ಒಂದೇ ಏಟಿಗೆ ಹೋಗುತ್ತದೆ. ಆಮೇಲೆ ಪಟ್ಟಿಯಿಂದ "ಯೂಸರ್ಸ್" ಇರುವ ಸಾಲುಗಳನ್ನೆಲ್ಲ, "ಕ್ರಿಯೇಟರ್ ಓನರ್" ಸಾಲನ್ನು ತೆಗೆಯಿರಿ. ಸಿಸ್ಟಮ್, ಅಡ್ಮಿನಿಸ್ಟ್ರೇಟರ್ಸ್ ಎರಡು ಇರಲಿ. ಹೊಸದಾಗಿ "ಡೊಮೈನ್ ಯೂಸರ್ಸ್" ಸೇರಿಸಿ, ರೀಡ್ ಅಂಡ್ ಎಕ್ಸಿಕ್ಯೂಟ್ ಕೊಡಿ, "ಅಪ್ಲೈಸ್ ಟು" ಜಾಗದಲ್ಲಿ "ದಿಸ್ ಫೋಲ್ಡರ್ ಓನ್ಲಿ" ಆರಿಸಿ. ಅಂದರೆ ಎಲ್ಲರೂ ಅಂಗಳಕ್ಕೆ ಬರಬಹುದು, ಕೋಣೆಗಳಿಗೆ ಹಕ್ಕು ಇಳಿದುಬರುವುದಿಲ್ಲ.

ಇನ್ನು ಒಳಗೆ ಅಕೌಂಟ್ಸ್, ಸಂಬಳ, ಖರೀದಿ ಫೋಲ್ಡರ್‌ಗಳನ್ನು ಮಾಡಿ. ಇಲ್ಲಿ ಇನ್‌ಹೆರಿಟೆನ್ಸ್ ಮುರಿಯುವ ಕೆಲಸ ಇಲ್ಲ, ಮೇಲಿನಿಂದ ಬರುವುದು ಸಿಸ್ಟಮ್ ಮತ್ತು ಅಡ್ಮಿನ್ ಮಾತ್ರ. ಎಫ್-ಓದು ಗ್ರೂಪಿಗೆ ರೀಡ್ ಅಂಡ್ ಎಕ್ಸಿಕ್ಯೂಟ್ ಕೊಡಿ. ಎಫ್-ತಿದ್ದು ಗ್ರೂಪಿಗೆ ಮಾಡಿಫೈ, ಫುಲ್ ಕಂಟ್ರೋಲ್ ಅಲ್ಲ. ಫುಲ್ ಕೊಟ್ಟರೆ ಪರ್ಮಿಷನ್ ಬದಲಿಸುವ, ಓನರ್ ಆಗುವ ಅಧಿಕಾರವೂ ಹೋಗುತ್ತದೆ. ಯಾವ ಸಿಬ್ಬಂದಿಗೂ ಅದು ಬೇಕಾಗಿಲ್ಲ.

ಮಾಡಿಫೈನಲ್ಲೂ ಒಂದು ಹೊಂಡ ಇದೆ. ಅದರಲ್ಲಿ ಆ ಫೋಲ್ಡರನ್ನೇ ಅಳಿಸುವ ಹಕ್ಕು ಸೇರಿದೆ. ಮೌಸ್ ಜಾರಿ ಖರೀದಿ ಫೋಲ್ಡರ್ ಇನ್ನೊಂದರೊಳಗೆ ಹೋಗಿ ಕೂತದ್ದನ್ನು ನಾನು ಎರಡು ಸಲ ಹುಡುಕಿ ಕೊಟ್ಟಿದ್ದೇನೆ. ಅದಕ್ಕೆ ತಿದ್ದು ಗ್ರೂಪಿಗೆ ಎರಡು ಸಾಲು ಹಾಕಿ. ಒಂದರಲ್ಲಿ ಮಾಡಿಫೈ, "ಸಬ್‌ಫೋಲ್ಡರ್ಸ್ ಅಂಡ್ ಫೈಲ್ಸ್ ಓನ್ಲಿ". ಇನ್ನೊಂದರಲ್ಲಿ ರೀಡ್ ಅಂಡ್ ಎಕ್ಸಿಕ್ಯೂಟ್ ಜೊತೆ ರೈಟ್, "ದಿಸ್ ಫೋಲ್ಡರ್ ಓನ್ಲಿ". ಈಗ ಒಳಗೆ ಏನು ಬೇಕಾದರೂ ಮಾಡಬಹುದು, ಮೇಲಿನ ಫೋಲ್ಡರ್ ಮಾತ್ರ ಅಲುಗಾಡುವುದಿಲ್ಲ.

"ಡಿನೈ" ಬಟನ್ ಕಂಡರೆ ಕೈ ಹಿಂದೆ ತೆಗೆದುಕೊಳ್ಳಿ. ನನ್ನ ಮೊದಲ ಸರ್ವರಿನಲ್ಲಿ ಸಂಬಳದ ಫೋಲ್ಡರಿಗೆ ಎವರಿವನ್ ಡಿನೈ ಹಾಕಿ, ಕೆಳಗೆ ಇಬ್ಬರಿಗೆ ಅಲೌ ಕೊಟ್ಟಿದ್ದೆ. ಇಬ್ಬರನ್ನು ಬಿಟ್ಟು ಉಳಿದವರಿಗೆ ಇಲ್ಲ ಎಂದು ನನ್ನ ಎಣಿಕೆ. ಎವರಿವನ್ ಅಂದರೆ ಆ ಇಬ್ಬರೂ ಸೇರಿದರು, ನಾನೂ ಸೇರಿದೆ. ಒಂದೇ ಮಟ್ಟದಲ್ಲಿ ಡಿನೈ ಇದ್ದರೆ ಅಲೌ ಸೋಲುತ್ತದೆ. ಅದು ಸಂಬಳ ಹಾಕುವ ದಿನ ಬೇರೆ. ಯಾರಿಗೆ ಬೇಡವೋ ಅವರಿಗೆ ಏನನ್ನೂ ಕೊಡದಿದ್ದರೆ ಸಾಕು, ಡಿನೈ ಬೇಕಾಗುವುದಿಲ್ಲ.

ಹಕ್ಕಿಲ್ಲದವರಿಗೆ ಫೋಲ್ಡರಿನ ಹೆಸರೂ ಕಾಣದಂತೆ ಮಾಡಲು ಸರ್ವರ್ ಮ್ಯಾನೇಜರಿನ ಶೇರ್ಸ್ ಪುಟದಲ್ಲಿ "ಆಕ್ಸೆಸ್ ಬೇಸ್ಡ್ ಎನ್ಯುಮರೇಷನ್" ಆನ್ ಮಾಡಿ. "ಸಂಬಳ ಅಂತ ಒಂದು ಫೋಲ್ಡರ್ ಉಂಟಲ್ವಾ, ಅದು ಯಾಕೆ ತೆರೆಯುವುದಿಲ್ಲ?" ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ.

ಟ್ಯಾಲಿಯ ಡೇಟಾ ಫೋಲ್ಡರನ್ನು ಬೇರೆ ಶೇರ್ ಮಾಡುವುದು ನನಗಿಷ್ಟ. ಶೇರ್ ಮಾಡಿದ ಫೋಲ್ಡರಿನಿಂದ ಟ್ಯಾಲಿ ನಡೆಸುವವರಿಗೆ ಅಲ್ಲಿ ತಿದ್ದುವ ಹಕ್ಕು ಬೇಕೇ ಬೇಕು. ಅಂದರೆ ಅವರು ಎಕ್ಸ್‌ಪ್ಲೋರರಿನಲ್ಲಿ ಆ ಫೋಲ್ಡರ್ ಕಾಪಿ ಮಾಡಬಹುದು, ಅಳಿಸಲೂಬಹುದು. ಟ್ಯಾಲಿಯೊಳಗಿನ ಪಾಸ್‌ವರ್ಡ್ ಇದನ್ನು ತಡೆಯುವುದಿಲ್ಲ. ಅಕೌಂಟ್ಸ್ ಗ್ರೂಪ್ ಬಿಟ್ಟು ಬೇರೆ ಯಾರಿಗೂ ಅದು ಕಾಣಬಾರದು.

ಪಿಸಿಗಳನ್ನು ಸೇರಿಸುವ ದಿನ

ಒಂದೇ ದಿನ ಎಲ್ಲವನ್ನೂ ಸೇರಿಸಬೇಡಿ. ಮೊದಲ ದಿನ ಎರಡು, ಅದೂ ತಾಳ್ಮೆ ಇರುವವರದ್ದು. ಡೊಮೈನಿಗೆ ಸೇರಿಸಿ ಹೊಸ ಯೂಸರಿನಲ್ಲಿ ಲಾಗಿನ್ ಆದರೆ ವಿಂಡೋಸ್ ಹೊಸ ಪ್ರೊಫೈಲ್ ಮಾಡುತ್ತದೆ. ಡೆಸ್ಕ್‌ಟಾಪ್ ಖಾಲಿ, ಗೋಡೆಚಿತ್ರ ಬೇರೆ. "ಅಯ್ಯೋ, ನನ್ನದೆಲ್ಲ ಹೋಯ್ತು!" ಎಂದು ಕೂಗು ಏಳುತ್ತದೆ. ಏನೂ ಹೋಗಿಲ್ಲ, ಸಿ ಡ್ರೈವಿನ ಯೂಸರ್ಸ್ ಒಳಗೆ ಹಳೆಯ ಹೆಸರಿನಲ್ಲಿ ಎಲ್ಲ ಇದೆ. ಫೈಲುಗಳು, ಬ್ರೌಸರ್ ಬುಕ್‌ಮಾರ್ಕ್, ಔಟ್‌ಲುಕ್‌ನ ಪಿಎಸ್‌ಟಿ, ಪ್ರಿಂಟರ್, ನುಡಿ ಅಥವಾ ಬರಹದ ಕೀಬೋರ್ಡ್ ಸೆಟ್ಟಿಂಗ್ ಇವಿಷ್ಟನ್ನು ಒಂದೊಂದಾಗಿ ಸರಿಮಾಡಿ ಕೊಡಿ. ಸೇರಿಸುವ ಮೊದಲೇ ಅವರಿಗೆ ಇದನ್ನು ಹೇಳಿಡಿ. ಒಂದು ಪಿಸಿಗೆ ಒಂದು ಗಂಟೆ ಹಿಡಿದುಕೊಳ್ಳಿ.

ಡ್ರೈವ್ ಮ್ಯಾಪ್ ಮಾಡಲು ಪಿಸಿಯಿಂದ ಪಿಸಿಗೆ ಓಡಾಡಬೇಡಿ. ಗ್ರೂಪ್ ಪಾಲಿಸಿಯ ಪ್ರಿಫರೆನ್ಸಸ್‌ನಲ್ಲಿ "ಡ್ರೈವ್ ಮ್ಯಾಪ್ಸ್" ಇದೆ. ಡೇಟಾ ಶೇರನ್ನು ಎಲ್ಲರಿಗೂ ಎಸ್ ಡ್ರೈವ್ ಮಾಡಿ. ಟ್ಯಾಲಿಯದ್ದನ್ನು "ಐಟಂ ಲೆವೆಲ್ ಟಾರ್ಗೆಟಿಂಗ್" ಮೂಲಕ ಜಿ-ಅಕೌಂಟೆಂಟ್ ಗ್ರೂಪಿಗೆ ಮಾತ್ರ ಕೊಡಿ.

ಪರೀಕ್ಷೆಗೆ ಪ್ರತಿ ಜಿ ಗ್ರೂಪಿಗೂ ಒಂದು ಸುಳ್ಳು ಯೂಸರ್ ಮಾಡಿ ಲಾಗಿನ್ ಆಗಿ, ಹಾಳೆಯ ಒಂದೊಂದು ಚೌಕವನ್ನೂ ಒತ್ತಿ ನೋಡಿ. ಅಡ್ಮಿನ್ ಆಗಿ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಪ್ರಯೋಜನವಿಲ್ಲ. ಗ್ರೂಪಿಗೆ ಸೇರಿಸಿದ ಮೇಲೂ ಫೋಲ್ಡರ್ ತೆರೆಯದಿದ್ದರೆ ಗಾಬರಿ ಬೇಡ. ಲಾಗ್ ಆಫ್ ಆಗಿ ಮತ್ತೆ ಲಾಗಿನ್ ಆದ ಮೇಲಷ್ಟೇ ಹೊಸ ಗ್ರೂಪ್ ಲೆಕ್ಕಕ್ಕೆ ಬರುತ್ತದೆ. ಒಂದು ಫೈಲಿನ ಪರ್ಮಿಷನ್ ಮಾತ್ರ ವಿಚಿತ್ರವಾಗಿದ್ದರೆ, ಅದನ್ನು ಬೇರೆ ಫೋಲ್ಡರಿನಿಂದ ಕಟ್ ಮಾಡಿ ತಂದಿರಬಹುದು. ಒಂದೇ ಡ್ರೈವಿನೊಳಗೆ ಕಟ್ ಮಾಡಿ ಪೇಸ್ಟ್ ಮಾಡಿದರೆ ಹಳೆಯ ಪರ್ಮಿಷನ್ ಜೊತೆಗೇ ಬರಬಹುದು. ಕಾಪಿ ಮಾಡಿದರೆ ಹೊಸ ಜಾಗದ್ದು ಹತ್ತುತ್ತದೆ.

ಅಳಿಸಿಹೋದರೆ

ನೆಟ್‌ವರ್ಕ್ ಡ್ರೈವಿನಿಂದ ಅಳಿಸಿದ ಫೈಲ್ ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ. ಇದು ಸಿಬ್ಬಂದಿಗೆ ಗೊತ್ತಿರುವುದಿಲ್ಲ. ಡಿ ಡ್ರೈವಿನಲ್ಲಿ ಶ್ಯಾಡೋ ಕಾಪಿ ಆನ್ ಮಾಡಿ. ಆಗ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಹಳೆಯ ಆವೃತ್ತಿಯನ್ನು ಅವರೇ ತೆಗೆದುಕೊಳ್ಳಬಹುದು. ಅದು ತಾನಾಗಿ ಬೆಳಗ್ಗೆ 7 ಮತ್ತು ಮಧ್ಯಾಹ್ನ 12ಕ್ಕೆ ಕಾಪಿ ತೆಗೆಯುತ್ತದೆ. ನಾನು ಸಂಜೆ 4ರದ್ದನ್ನೂ ಸೇರಿಸುತ್ತೇನೆ. ಒಂದು ಡ್ರೈವಿಗೆ 64 ಕಾಪಿ ಮಾತ್ರ ನಿಲ್ಲುತ್ತದೆ.

ಶ್ಯಾಡೋ ಕಾಪಿ ಬ್ಯಾಕಪ್ ಅಲ್ಲ. ಡಿಸ್ಕ್ ಹೋದರೆ ಅದೂ ಹೋಗುತ್ತದೆ. ಎರಡು ಹೊರಗಿನ ಡಿಸ್ಕ್ ಇಟ್ಟುಕೊಂಡು ವಾರಕ್ಕೊಂದು ಬದಲಿಸಿ, ಒಂದು ಯಾವಾಗಲೂ ಆಫೀಸಿನ ಹೊರಗೆ ಇರಲಿ. ವಿಂಡೋಸ್ ಸರ್ವರ್ ಬ್ಯಾಕಪ್‌ನಲ್ಲಿ ಕಂಟ್ರೋಲರಿನ "ಸಿಸ್ಟಮ್ ಸ್ಟೇಟ್" ಕೂಡ ಸೇರಿಸಿ. ಅದು 180 ದಿನಕ್ಕಿಂತ ಹಳೆಯದಾದರೆ ಉಪಯೋಗವಿಲ್ಲ. ಮೂರು ತಿಂಗಳಿಗೊಮ್ಮೆ ಒಂದು ಫೈಲನ್ನಾದರೂ ವಾಪಸ್ ತೆಗೆದು ತೆರೆದು ನೋಡಿ. ದುಡ್ಡು ಹೊಂದಿದಾಗ ಇನ್ನೊಂದು ಪುಟ್ಟ ಡಬ್ಬಿಯಲ್ಲಿ ಎರಡನೇ ಕಂಟ್ರೋಲರ್ ಹಾಕಿಸಿ. ಒಂದೇ ಇದ್ದು ಅದು ಮಲಗಿದರೆ ಡಿಎನ್‌ಎಸ್ ಇಲ್ಲದೆ ಇಂಟರ್‌ನೆಟ್ಟೂ ನಿಲ್ಲುತ್ತದೆ.

ಯಾರಾದರೂ ಕೆಲಸ ಬಿಟ್ಟರೆ ಅವರ ಯೂಸರನ್ನು ಅಳಿಸಬೇಡಿ, ಡಿಸೇಬಲ್ ಮಾಡಿ. ಜಿ ಗ್ರೂಪಿನಿಂದ ತೆಗೆಯಿರಿ. ಅಳಿಸಿಬಿಟ್ಟರೆ ಫೈಲುಗಳ ಓನರ್ ಜಾಗದಲ್ಲಿ ಹೆಸರು ಹೋಗಿ ಎಸ್-1-5 ಎಂದು ಶುರುವಾಗುವ ಉದ್ದದ ನಂಬರ್ ಮಾತ್ರ ಉಳಿಯುತ್ತದೆ. ವಿಭಾಗ ಬದಲಾದವರನ್ನು ಹೊಸ ಗ್ರೂಪಿಗೆ ಸೇರಿಸುವುದು ಎಲ್ಲರಿಗೂ ನೆನಪಿರುತ್ತದೆ, ಹಳೆಯದರಿಂದ ತೆಗೆಯುವುದು ಮರೆತುಹೋಗುತ್ತದೆ. ಹಾಳೆಯ ಹಿಂಬದಿಯಲ್ಲಿ ತಾರೀಕು ಹಾಕಿ ಎರಡನ್ನೂ ಬರೆಯಿರಿ.

ಆ ಹಾಳೆಯ ಒಂದು ಜೆರಾಕ್ಸ್, ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್, ಡಿಎಸ್‌ಆರ್‌ಎಮ್ ಪಾಸ್‌ವರ್ಡ್, ರೌಟರಿನದ್ದು, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಹಾಕಿದ್ದರೆ ಅದರ ರಿಕವರಿ ಕೀ ಎಲ್ಲವನ್ನೂ ಒಂದು ಲಕೋಟೆಯಲ್ಲಿ ಹಾಕಿ, ಅಂಟಿಸಿ, ಮೇಲೆ ತಾರೀಕು ಬರೆದು ಧಣಿಗಳ ಕಪಾಟಿನಲ್ಲಿಡಿ. ಗೇರುಬೀಜದ ಆಫೀಸಿನ ಲಕೋಟೆ ಅವರ ಗೋದ್ರೇಜಿನ ಒಳಗೆ ಜಾಗದ ಪತ್ರಗಳ ಕೆಳಗಿದೆ. ಪಾಸ್‌ವರ್ಡ್ ಬದಲಿಸಿದಾಗೆಲ್ಲ ಲಕೋಟೆಯನ್ನೂ ಬದಲಿಸಬೇಕು.